ಕೇಳಿ ಎತ್ತಿದ ಕೈಗಳಿಗೆ

ಸುಂಟರಗಾಳಿಗೆ ಮನೆ ಕಳೆದುಕೊಂಡವರಲ್ಲಿ ಕೊನೆಯ ಕುಟುಂಬವೂ ಈ ವಾರ ಸ್ವಂತ ಸೂರಿನಡಿಗೆ ಮರಳಿದೆ. ಅವರ ಮನೆಗೆ ವಿದ್ಯುತ್ ಬರುವ ತನಕ ಕೃತಜ್ಞತೆಯ ಮಾತು ಬರೆಯುವುದು ಬೇಡವೆಂದು ನಾವೆಲ್ಲ ಮಾತಾಡಿಕೊಂಡಿದ್ದೆವು. ಒಂದು ಮನೆಯವರು ಟಾರ್ಪಾಲಿನ ಕೆಳಗೆ ಮಲಗುತ್ತಿರುವಾಗ ಉಳಿದವರು ಚೇತರಿಸಿಕೊಂಡೆವು ಎನ್ನಲು ಯಾರ ಮನಸ್ಸೂ ಒಪ್ಪಲಿಲ್ಲ. ಈಗ ಬರೆಯಬಹುದು.

ಮೊದಲ ವಂದನೆ ಎಚ್ಚರಿಸಿದವರಿಗೆ. ಚಂಡಮಾರುತವಾದರೆ ದಿನಗಳ ಮುಂಚೆಯೇ ಸುಳಿವು ಸಿಗುತ್ತದೆ. ಸುಂಟರಗಾಳಿ ಕೊಡುವುದು ಕೆಲವೇ ನಿಮಿಷಗಳನ್ನು. ಆ ನಿಮಿಷಗಳಲ್ಲಿ ನಾವು ಕಿಟಕಿಯಿಲ್ಲದ ಒಳಕೋಣೆಗಳನ್ನು ಸೇರಿದೆವು, ಮಕ್ಕಳನ್ನು ನಡುವೆ ಕೂರಿಸಿ ಮೇಲೆ ಹಾಸಿಗೆ ಎಳೆದುಕೊಂಡೆವು. ರಾಡಾರ್ ನೋಡುತ್ತ ಕುಳಿತಿದ್ದವರೇ, ಸೈರನ್ ಕೇಳಿಸದ ಹಿರಿಯರ ಬಾಗಿಲು ಬಡಿದು ಎಬ್ಬಿಸಿದ ಹುಡುಗರೇ, ಇಂದು ನಾವು ಉಸಿರಾಡುತ್ತಿರುವುದು ನಿಮ್ಮಿಂದ. ಅಗಲಿದವರ ಬಗ್ಗೆ ಹೆಚ್ಚು ಬರೆಯಬೇಡಿ ಎಂದು ಅವರ ಮನೆಯವರು ಕೇಳಿಕೊಂಡಿದ್ದಾರೆ. ಅವರ ಮಾತನ್ನು ಪಾಲಿಸುತ್ತೇನೆ.

ಅಗ್ನಿಶಾಮಕ ದಳದವರು, ವೈದ್ಯರು, ದಾದಿಯರು, ಕತ್ತಲಲ್ಲೇ ಗ್ಯಾಸ್ ಕೊಳವೆಗಳನ್ನು ಮುಚ್ಚಿದವರು, ಬೇರೆ ಊರುಗಳಿಂದ ಬಂದು ಕಂಬ ನೆಟ್ಟ ಲೈನ್‌ಮನ್‌ಗಳು: ಎಲ್ಲರಿಗೂ ಕೈಮುಗಿಯುತ್ತೇನೆ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅವಶೇಷ ತೆರವುಗೊಳಿಸಲು ಬಂದ ಸ್ವಯಂಸೇವಕರ ಬಳಿ. ಯಂತ್ರ ತಂದು ಗುಡಿಸಿಹಾಕಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ನೀವು ಹಾಗೆ ಮಾಡಲಿಲ್ಲ. ಮುರಿದ ಕುರ್ಚಿಯ ಕಾಲನ್ನು ಎತ್ತುವಾಗಲೂ “ಇದನ್ನು ಇಟ್ಟುಕೊಳ್ಳುತ್ತೀರಾ?” ಎಂದು ಕೇಳಿದಿರಿ. ಎಲ್ಲವೂ ನಮ್ಮ ಕೈಮೀರಿ ಹೋಗಿದ್ದ ಹೊತ್ತಿನಲ್ಲಿ ಆ ಒಂದು ಪ್ರಶ್ನೆ ನಮ್ಮ ವಸ್ತುವಿನ ಮೇಲಿನ ಹಕ್ಕನ್ನು ನಮಗೇ ಮರಳಿಸಿತು. ಪಕ್ಕದ ಮನೆಯ ಅಜ್ಜಿ ಉತ್ತರಿಸಲು ತುಂಬಾ ಹೊತ್ತು ತೆಗೆದುಕೊಂಡರು. ಅವರ ಗಂಡ ಬರೆದಿಟ್ಟಿದ್ದ ಲೆಕ್ಕದ ಪುಸ್ತಕ ಕೆಸರಲ್ಲಿ ನೆನೆದು ಮುದ್ದೆಯಾಗಿತ್ತು. ಅದನ್ನು ಕೈಯಲ್ಲಿ ಹಿಡಿದ ಹುಡುಗಿ ಅವಸರ ಮಾಡದೆ, ಅವರು ಮಾತಾಡುವವರೆಗೂ ಪಕ್ಕದಲ್ಲೇ ಕೂತಿದ್ದಳು.

ಚಿತ್ರಗಳನ್ನು ಉಳಿಸಿಕೊಟ್ಟವರಿಗೆ ಏನು ಹೇಳಲಿ? ಒದ್ದೆಯಾಗಿ ಅಂಟಿಕೊಂಡ ಫೋಟೊಗಳನ್ನು ಎಳೆದು ಬಿಡಿಸಬಾರದು, ಶುದ್ಧ ತಣ್ಣೀರಿನಲ್ಲಿ ನಿಧಾನವಾಗಿ ತೊಳೆದು, ಮುಖ ಮೇಲಾಗಿಟ್ಟು ಒಣಗಿಸಬೇಕು, ಒಡನೆ ಒಣಗಿಸಲಾಗದಿದ್ದರೆ ಫ್ರೀಜರ್‌ನಲ್ಲಿಡಬಹುದು ಎಂಬುದನ್ನು ನಾವು ಕಲಿತದ್ದು ನಿಮ್ಮಿಂದ. 2011ರ ಏಪ್ರಿಲ್ 27ರಂದು ಅಮೆರಿಕದ ಅಲಬಾಮಾದಲ್ಲಿ ಎದ್ದ ಸುಂಟರಗಾಳಿಗಳು ಒಂದು ಫೋಟೊವನ್ನು 300 ಕಿಲೋಮೀಟರಿಗೂ ದೂರ ಹೊತ್ತೊಯ್ದಿದ್ದವು. ಅಂದು ಚಿತ್ರಗಳು ಸಿಕ್ಕಿದವರು ಅವನ್ನು ಫೇಸ್‌ಬುಕ್‌ನಲ್ಲಿ ಹಾಕಿ ವಾರಸುದಾರರನ್ನು ಹುಡುಕಿದರು. ಅದೇ ದಾರಿ ಹಿಡಿದು ನಮ್ಮವನ್ನೂ ತಲುಪಿಸಿದ ಅಪರಿಚಿತರೇ, ನನ್ನ ತಾಯಿಯ ಮದುವೆಯ ಚಿತ್ರ ಮತ್ತೆ ಗೋಡೆಯ ಮೇಲಿದೆ.

ಒಂದು ಮಾತನ್ನು ಬಿಡಿಸಿ ಹೇಳಬೇಕು. ವಿಪತ್ತಿನ ಸುದ್ದಿ ಹರಡಿದೊಡನೆ ಹಳೆಯ ಬಟ್ಟೆಗಳ ರಾಶಿ ಬಂದು ಬೀಳುವುದು ಎಲ್ಲೆಡೆಯೂ ಇದೆ. ಕಳುಹಿಸುವವರ ಮನಸ್ಸು ಒಳ್ಳೆಯದೇ. ಆದರೆ ವಿಂಗಡಿಸಲು ಬೇಕಾದ ಕೈಗಳು, ಒಣ ಜಾಗ ಆಗ ಇರುವುದಿಲ್ಲ. “ಏನು ಬೇಕು?” ಎಂದು ಮೊದಲು ಫೋನ್ ಮಾಡಿದವರು ಇದನ್ನು ಅರಿತಿದ್ದರು. ಅವರು ದಪ್ಪ ಕೈಗವಸು, ಗಟ್ಟಿ ಅಟ್ಟೆಯ ಬೂಟು, ಗುದ್ದಲಿ, ತಳ್ಳುಗಾಡಿ ತಂದರು. ನೆಲದ ತುಂಬ ಮೊಳೆಗಳು ಚೆಲ್ಲಿದ್ದಾಗ ಬೂಟಿಗಿಂತ ದೊಡ್ಡ ಉಪಕಾರ ಬೇರೆ ಇರಲಿಲ್ಲ. ವಿಮೆ ಮತ್ತು ಪರಿಹಾರದ ಅರ್ಜಿಗಳನ್ನು ಒಂದೊಂದಾಗಿ ಓದಿ ವಿವರಿಸಿ, ತಿರಸ್ಕೃತವಾದವನ್ನು ಮತ್ತೆ ಬರೆದುಕೊಟ್ಟ ನಿವೃತ್ತ ಗುಮಾಸ್ತರಿಗೂ ಇದೇ ಸಾಲಿನಲ್ಲಿ ವಂದನೆ. ಯಾರೂ ಫೋಟೊ ತೆಗೆಯದ ಕೆಲಸ ಅದು. ಅದಿಲ್ಲದಿದ್ದರೆ ಅರ್ಧ ಮನೆಗಳು ಮೇಲೇಳುತ್ತಿರಲಿಲ್ಲ.

ಶಿಕ್ಷಕರೇ, ಗಾಳಿ ಸ್ವಲ್ಪ ಜೋರಾದರೂ ಮಕ್ಕಳು ಮೇಜಿನಡಿ ಸೇರುತ್ತಿದ್ದ ದಿನಗಳಲ್ಲಿ ನೀವು ಗದರಲಿಲ್ಲ. ಅವರ ಜೊತೆ ನೆಲದ ಮೇಲೆ ಕೂತು ಪಾಠ ಮುಂದುವರಿಸಿದಿರಿ. 2011ರ ಮೇ 22ರಂದು ಸುಂಟರಗಾಳಿಗೆ ಸಿಲುಕಿ ಹಲವು ಶಾಲಾ ಕಟ್ಟಡಗಳನ್ನು ಕಳೆದುಕೊಂಡ ಅಮೆರಿಕದ ಜಾಪ್ಲಿನ್ ನಗರವು ಅದೇ ಆಗಸ್ಟಿನಲ್ಲಿ, ನಿಗದಿಯಾದ ದಿನವೇ ತರಗತಿ ಆರಂಭಿಸಿತ್ತು. ಆ ಸಂಗತಿಯನ್ನು ನೀವು ಸಭೆಯಲ್ಲಿ ಹೇಳಿದಾಗ ನಮಗೂ ಧೈರ್ಯ ಬಂತು.

ಕ್ಯಾಮೆರಾಗಳು ಹೋದ ಮೇಲೂ ವಾರಾಂತ್ಯಗಳಲ್ಲಿ ಬರುತ್ತಲೇ ಇದ್ದವರ ಹೆಸರೆಲ್ಲ ನನಗೆ ಗೊತ್ತಿಲ್ಲ. ಮುಖಗಳು ಗೊತ್ತು. ಎದುರಾದರೆ ನಿಲ್ಲಿಸಿ ಮಾತಾಡಿಸುತ್ತೇನೆ, ದಯವಿಟ್ಟು ಅವಸರದಲ್ಲಿ ಹೊರಟುಬಿಡಬೇಡಿ.

ವಾರಸುದಾರರು ಸಿಗದ ಚಿತ್ರಗಳ ಪೆಟ್ಟಿಗೆ ಶಾಲೆಯ ಸಭಾಂಗಣದಲ್ಲಿದೆ; ಬಂದು ನೋಡಿ, ನಿಮ್ಮದಿದ್ದರೆ ಒಯ್ಯಿರಿ. ಆಟದ ಮೈದಾನದ ಬೇಲಿ ಕಟ್ಟುವುದು ಇನ್ನೂ ಬಾಕಿ ಇದೆ. ಮುಂದಿನ ಭಾನುವಾರ ಬೆಳಿಗ್ಗೆ ಸೇರುತ್ತೇವೆ, ಸಲಕರಣೆಗಳು ಅಲ್ಲೇ ಇರುತ್ತವೆ.