ಚೇತುಗೆ, ಆ ಲೇಸರ್ ಅಡ್ವಾನ್ಸ್ ಕಟ್ಟೋ ಮುಂಚೆ

ತಿಪಟೂರು, ಭಾನುವಾರ ರಾತ್ರಿ

ಚಿ. ಚೇತುಗೆ ನಿನ್ನ ಮಾವನ ಆಶೀರ್ವಾದಗಳು.

ಫೋನಲ್ಲಿ ಹೇಳಿದ್ರೆ ನೀನು ಹೂಂ ಮಾವ ಹೂಂ ಮಾವ ಅಂದ್ಕೊಂಡು ಅರ್ಧದಲ್ಲೇ ಇಟ್ಬಿಡ್ತೀಯ, ಅದಕ್ಕೇ ಮೆಡಿಕಲ್ ಅಂಗಡಿ ಶಟರ್ ಎಳ್ದು ಬಂದು ಊಟ ಮುಗಿಸಿ ಇದನ್ನ ಟೈಪ್ ಮಾಡ್ತಾ ಕೂತಿದೀನಿ. ಉದ್ದ ಆಗತ್ತೆ. ಒಂದೇ ಸಲಕ್ಕೆ ಆಗ್ದಿದ್ರೆ ಎರಡು ಸಲ ಕೂತು ಓದು, ಆದ್ರೆ ಪೂರ್ತಿ ಓದು.

ಅಕ್ಕ ಬೆಳಿಗ್ಗೆ ಫೋನ್ ಮಾಡಿದ್ಲು. ಅಕ್ಷತಾ ಮದುವೆಗೆ ಇನ್ನು ಹತ್ತೇ ವಾರ, ಅಷ್ಟರೊಳಗೆ ಮುಖದ ಮೊಡವೆ ಕಲೆ ಹೋಗಿ ಸರಿ ಆಗ್ಬೇಕು ಅಂತ ಯಾವುದೋ ಕ್ಲಿನಿಕ್ಕಲ್ಲಿ ಆರು ಸಿಟ್ಟಿಂಗ್ ಲೇಸರ್ ಪ್ಯಾಕೇಜಿಗೆ ಅಡ್ವಾನ್ಸ್ ಕಟ್ಟಕ್ಕೆ ಹೊರಟಿದೀಯಂತೆ, ಅದಕ್ಕೆ ಇಎಂಐ ಬೇರೆ ಅಂತೆ. ನಿಶ್ಚಿತಾರ್ಥದ ಗ್ರೂಪ್ ಫೋಟೋದಲ್ಲಿ ನೀನು ಚಿಕ್ಕಪ್ಪನ ಭುಜದ ಹಿಂದೆ ಅರ್ಧ ಮುಖ ಮರೆ ಮಾಡ್ಕೊಂಡು ನಿಂತಿದ್ದು ನಾನು ಅವತ್ತೇ ಗಮನಿಸ್ದೆ, ಏನೂ ಅನ್ನಕ್ಕೆ ಹೋಗ್ಲಿಲ್ಲ, ಯಾಕಂದ್ರೆ ನನ್ನ ಮದುವೆ ಆಲ್ಬಮ್ಮಲ್ಲೂ ಮುಕ್ಕಾಲು ಫೋಟೋದಲ್ಲಿ ನಾನು ಬಲಗಡೆ ಕೆನ್ನೆ ಕಾಣ್ಬಾರ್ದು ಅಂತ ಮುಖ ತಿರುಗಿಸ್ಕೊಂಡೇ ಇದೀನಿ. ಮದುಮಗ ಯಾರನ್ನ ಹುಡುಕ್ತಿದ್ದ ಅಂತ ನಿಮ್ಮತ್ತೆ ಈಗ್ಲೂ ರೇಗಿಸ್ತಾಳೆ.

ನನಗೆ ಮೊಡವೆ ಪಿಯುಸಿಲಿ ಶುರುವಾಗಿದ್ದು, 1990ರ ಸುಮಾರಿಗೆ. ಕ್ಲಾಸಲ್ಲಿ ನನ್ನ ಹೆಸರು ಜಲ್ಲಿ ರೋಡು. ಅಮ್ಮ ಜಾಯಿಕಾಯಿನ ಹಾಲಲ್ಲಿ ತೇದು ಹಚ್ಚೋಳು, ಅದು ಒಣಗಿ ಬಿರಿದು ಬೀಳೋದು, ಮೊಡವೆ ಮಾತ್ರ ಅಲ್ಲೇ ಇರೋದು. ಅದರ ಮೇಲೆ ನಮ್ಮೂರಲ್ಲಿ ಎಣ್ಣೆಗೇನು ಬರ, ಕೊಬ್ಬರಿ ಎಣ್ಣೆ ತಲೆಗೆ ಸುರ್ಕೊಂಡು ಹಣೆ ಮೇಲೆಲ್ಲ ಇಳಿಯೋ ಹಾಗೆ ಕಾಲೇಜಿಗೆ ಹೋಗ್ತಿದ್ವಿ, ಆ ಎಣ್ಣೆನೇ ರಂಧ್ರ ಮುಚ್ಚಿ ಮೊಡವೆ ಹೆಚ್ಚು ಮಾಡತ್ತೆ ಅಂತ ಡಿ.ಫಾರ್ಮ್ ಮುಗಿದು ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು. ನೀನು ರಾತ್ರಿ ತಲೆಗೆ ಎಣ್ಣೆ ಹಾಕ್ಕೊಂಡು ಅದೇ ದಿಂಬಿನ ಮೇಲೆ ಮಲಗೋದು ಇನ್ನೂ ಇದ್ರೆ ಮೊದಲು ಅದನ್ನ ನಿಲ್ಸು. ಆದ್ರೆ ನನ್ನ ಮುಖ ಹಾಳಾಗಿದ್ದು ಎಣ್ಣೆಯಿಂದಲ್ಲ ಬಿಡು, ಜಾಮಿಟ್ರಿ ಬಾಕ್ಸಿನ ಕೈವಾರದಿಂದ. ಕನ್ನಡಿ ಮುಂದೆ ನಿಂತು ಅದರ ಮೊನೆಯಲ್ಲಿ ಚುಚ್ಚಿ ಎರಡು ಉಗುರಲ್ಲಿ ಹಿಸುಕ್ತಿದ್ದೆ. ಹಿಸುಕಿದಾಗ ಕೀವು ಸ್ವಲ್ಪ ಹೊರಗೆ ಬರತ್ತೆ, ಉಳಿದಿದ್ದು ಚರ್ಮದ ಒಳಗಡೆನೇ ಒಡೆದು ಹರಡ್ಕೊಳ್ಳತ್ತೆ, ಚರ್ಮನ ಗಟ್ಟಿಯಾಗಿ ಹಿಡಿದಿಡೋ ಕೊಲಾಜನ್ ಅನ್ನೋ ನಾರು ಕರಗಿ ಹೋಗಿ ಮೇಲಿನ ಚರ್ಮ ಕುಸಿಯತ್ತೆ. ಬಾವಿ ಮಣ್ಣು ಕುಸಿಯೋ ಹಾಗೆ. ಅದೇ ಗುಳಿ.

ಈಗ ವಿಷಯಕ್ಕೆ ಬರ್ತೀನಿ. ಕಲೆ ಕಲೆ ಅಂತ ಎಲ್ಲದಕ್ಕೂ ಒಂದೇ ಹೆಸರು ಇಟ್ಬಿಟ್ಟಿದೀವಿ, ಅಲ್ಲೇ ದುಡ್ಡು ಹಾಳಾಗೋದು. ಮೊಡವೆ ಹೋದ್ಮೇಲೆ ಉಳಿಯೋ ಕಂದು ಬಣ್ಣದ್ದು ಬರೀ ಬಣ್ಣ, ಚರ್ಮ ಸಮ ಇರತ್ತೆ, ಅದು ತಾನಾಗೇ ಹೋಗತ್ತೆ, ಆದ್ರೆ ನಮ್ಮಂಥ ಬಣ್ಣದ ಚರ್ಮಕ್ಕೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷದ ಮೇಲೂ ಹಿಡಿಯತ್ತೆ. ಗುಳಿ ಬೇರೆ. ಅದು ಯಾವ ಕ್ರೀಮಿಗೂ ತುಂಬಲ್ಲ. ಮೂವತ್ತು ವರ್ಷದಿಂದ ಕ್ರೀಮ್ ಮಾರ್ತಿರೋ ನಾನೇ ಹೇಳ್ತಿದೀನಿ, ತುಂಬಲ್ಲ.

ಇವತ್ತು ರಾತ್ರಿ ಒಂದು ಕೆಲಸ ಮಾಡು. ಬಾತ್‌ರೂಮ್ ಲೈಟ್ ಆಫ್ ಮಾಡಿ ಮೊಬೈಲ್ ಟಾರ್ಚ್ ಹಾಕಿ ಕಿವಿ ಪಕ್ಕದಿಂದ ಕೆನ್ನೆ ಮೇಲೆ ಅಡ್ಡಡ್ಡ ಬೆಳಕು ಬೀಳೋ ಹಾಗೆ ಹಿಡಿ. ಎಲ್ಲಿ ನೆರಳು ಬೀಳತ್ತೋ ಅದು ಗುಳಿ, ನೆರಳೇ ಬೀಳದೆ ಕಪ್ಪಗೆ ಕಾಣೋದು ಬರೀ ಬಣ್ಣ. ಆಮೇಲೆ ಎರಡು ಬೆರಳಲ್ಲಿ ಚರ್ಮನ ಪಕ್ಕಕ್ಕೆ ಎಳಿ. ಎಳೆದಾಗ ಮಾಯ ಆಗೋದು ಅಲೆ ಅಲೆ ಥರದ ಅಗಲ ಗುಳಿ, ಒಳಗಡೆ ನಾರು ಹಿಡ್ಕೊಂಡು ಕೆಳಕ್ಕೆ ಜಗ್ತಿರತ್ತೆ. ಎಳೆದ್ರೂ ಹಾಗೇ ಇರೋ ಸಣ್ಣ ಆಳ ತೂತು, ಮೊಳೆ ಹೊಡೆದು ಕಿತ್ತ ಹಾಗೆ, ಅದು ಇನ್ನೊಂದು ಜಾತಿ. ಅಂಚು ಚೆನ್ನಾಗಿ ಎದ್ದಿರೋ ಚಪ್ಪಟೆ ತಳದ್ದು ಮೂರನೇದು. ಫೋಟೋದಲ್ಲಿ ನಾನು ನೋಡಿದ ಮಟ್ಟಿಗೆ ನಿನ್ನ ಮುಖದಲ್ಲಿ ಮುಕ್ಕಾಲು ಪಾಲು ಬರೀ ಬಣ್ಣನೇ ಇರೋದು. ಬಣ್ಣಕ್ಕೆ ಯಾಕೋ ಆರು ಸಿಟ್ಟಿಂಗ್ ಲೇಸರ್?

ಬಣ್ಣಕ್ಕೆ ಬೇಕಾಗಿರೋದು ಸನ್‌ಸ್ಕ್ರೀನ್. ನಗ್ಬೇಡ. ಹೆಣ್ಮಕ್ಕಳ ಐಟಮ್ ಅಂತ ನಮ್ಮ ಅಂಗಡಿಗೆ ಬರೋ ಹುಡುಗರೂ ಹಾಗೇ ನಗ್ತಾರೆ. ಬೈಕಲ್ಲಿ ದಿನಾ ಹೋಗಿ ಬರ್ತೀಯ, ಬಿಸಿಲು ಬಿದ್ದಷ್ಟೂ ಆ ಕಲೆ ಇನ್ನೂ ಕಪ್ಪಾಗತ್ತೆ, ನೀನು ಮೇಲೆ ಎಷ್ಟು ಸಾವಿರದ ಸೀರಮ್ ಹಚ್ಚಿದ್ರೂ ಒಂದು ಕಡೆ ಒರೆಸ್ತಾ ಇನ್ನೊಂದು ಕಡೆ ಮಸಿ ಬಳೀತಾ ಇದ್ದ ಹಾಗೆ. ಎಸ್‌ಪಿಎಫ್, ಅಂದ್ರೆ ಬಿಸಿಲು ತಡೆಯೋ ಅಳತೆ, 30ರ ಮೇಲಿನದ್ದು ತಗೋ, ತೋರುಬೆರಳು ಮಧ್ಯದ ಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಮುಖಕ್ಕೆ ಕತ್ತಿಗೆ ಹಚ್ಚು, ಹೊರಗೆ ಇದ್ರೆ ಎರಡು ಗಂಟೆಗೊಂದ್ಸಲ ಮತ್ತೆ ಹಚ್ಚು. ಜನ ಕಡ್ಲೆಕಾಳಷ್ಟು ಹಚ್ಕೊಂಡು ಕೆಲಸ ಮಾಡ್ಲಿಲ್ಲ ಅಂತ ವಾಪಸ್ ತರ್ತಾರೆ. ಬಣ್ಣ ಇರೋ ಟಿಂಟೆಡ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಅದರಲ್ಲಿ ಐರನ್ ಆಕ್ಸೈಡ್ ಇರತ್ತೆ, ನಮ್ಮ ಚರ್ಮನ ಕಪ್ಪು ಮಾಡೋ ಮಾಮೂಲಿ ಬೆಳಕನ್ನೂ ತಡೆಯತ್ತೆ.

ಇದಕ್ಕೂ ಮುಂಚೆ ಹೊಸ ಮೊಡವೆ ನಿಲ್ಬೇಕು. ಸೋರೋ ಸೂರು ಹಾಗೇ ಬಿಟ್ಟು ಗೋಡೆಗೆ ಸುಣ್ಣ ಹೊಡೆದ್ರೆ ಏನು ಬಂತು. ಅಡಾಪಲೀನ್ ಅಂತ ಜೆಲ್ ಬರತ್ತೆ, ರಾತ್ರಿ ಹೊತ್ತು ಮುಖ ತೊಳೆದು ಚೆನ್ನಾಗಿ ಒಣಗಿದ ಮೇಲೆ ಬಟಾಣಿ ಕಾಳಷ್ಟು ಇಡೀ ಮುಖಕ್ಕೆ ತೆಳ್ಳಗೆ, ಮೊಡವೆ ಮೇಲೆ ಮಾತ್ರ ಚುಕ್ಕೆ ಇಟ್ಟು ಬಿಡೋದಲ್ಲ. ಶುರುವಲ್ಲಿ ಒಂದಿನ ಬಿಟ್ಟು ಒಂದಿನ, ಮೇಲೆ ಮಾಯಿಶ್ಚರೈಸರ್. ಮೊದಲ ಮೂರು ನಾಲ್ಕು ವಾರ ಉರಿ, ಸಿಪ್ಪೆ ಏಳೋದು, ಮೊಡವೆ ಜಾಸ್ತಿ ಆದ ಹಾಗೂ ಕಾಣೋದು, ಎಲ್ಲರೂ ಅಲ್ಲೇ ಬಿಟ್ಬಿಡೋದು. ಹನ್ನೆರಡು ವಾರ ತಡ್ಕೋಬೇಕು. ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ ಕೊಟ್ರೆ ಬಿಳಿ ಟವೆಲ್ಲೇ ಇಟ್ಕೋ, ಅದು ಬಟ್ಟೆ ಬಣ್ಣ ತೆಗೆಯತ್ತೆ, ನಮ್ಮನೇಲಿ ನೀಲಿ ದಿಂಬಿನ ಕವರ್ ಮೇಲೆ ನನ್ನ ಕೆನ್ನೆ ಅಚ್ಚು ಬಿದ್ದು ನಿಮ್ಮತ್ತೆ ಹತ್ರ ವಾರಗಟ್ಟಲೆ ಬೈಸ್ಕೊಂಡಿದೀನಿ. ಕಂದು ಕಲೆಗೆ ಅಜೆಲಾಯಿಕ್ ಆಸಿಡ್ ಒಳ್ಳೇದು, ಮೊಡವೆಗೂ ಆಗತ್ತೆ ಕಲೆಗೂ ಆಗತ್ತೆ. ಇವನ್ನೆಲ್ಲ ನಾನು ಹೆಸರು ಗೊತ್ತಿರ್ಲಿ ಅಂತ ಹೇಳಿದ್ದು, ಯಾವುದು ಎಷ್ಟು ಪರ್ಸೆಂಟ್ ಅಂತ ಡಾಕ್ಟ್ರು ಚೀಟಿ ಬರೀಲಿ. ಬೆನ್ನಲ್ಲೂ ದೊಡ್ಡ ದೊಡ್ಡ ಗಂಟು ಇದ್ರೆ ಐಸೋಟ್ರೆಟಿನಾಯಿನ್ ಮಾತ್ರೆ ಕೊಡಬಹುದು, ಅದಕ್ಕೆ ರಕ್ತ ಪರೀಕ್ಷೆ ಮಾಡಿಸ್ತಾರೆ, ತುಟಿ ಒಡೆಯತ್ತೆ, ಅದನ್ನ ತಗೊಳ್ಳೋವಾಗ ಮತ್ತೆ ನಿಲ್ಸಿ ಒಂದು ತಿಂಗಳು ರಕ್ತದಾನ ಮಾಡೋ ಹಾಗಿಲ್ಲ, ಯಾಕಂದ್ರೆ ಆ ರಕ್ತ ಬಸುರಿಗೆ ಹೋದ್ರೆ ಮಗುಗೆ ತೊಂದರೆ. ಆಫೀಸಲ್ಲಿ ಕ್ಯಾಂಪ್ ಮಾಡ್ತಾರಲ್ಲ, ಅದಕ್ಕೇ ಹೇಳ್ದೆ.

ನಿಂಬೆಹಣ್ಣು, ಟೂತ್‌ಪೇಸ್ಟು, ಅಡುಗೆ ಸೋಡ ಇವು ಮೂರೂ ಮುಖದ ಹತ್ರಕ್ಕೂ ಬೇಡ. ನಿಂಬೆರಸ ಹಚ್ಕೊಂಡು ಬಿಸಿಲಿಗೆ ಹೋದ್ರೆ ಸುಟ್ಟ ಕಲೆನೇ ಬೀಳತ್ತೆ. ಕಡ್ಲೆಹಿಟ್ಟಲ್ಲಿ ಮುಖ ತೊಳೆಯೋದು ನಿಮ್ಮಜ್ಜಿ ಖುಷಿಗೆ ಬೇಕಾದ್ರೆ ಮಾಡು, ಉಜ್ಜಬೇಡ ಅಷ್ಟೇ.

ಇನ್ನೊಂದು ವಿಷಯ ಇದೆ, ಇದನ್ನ ನಿಮ್ಮಮ್ಮಂಗೂ ಹೇಳಿಲ್ಲ ನಾನು. ಹನ್ನೆರಡು ಹದಿಮೂರು ವರ್ಷದ ಹಿಂದೆ ಇರ್ಬೇಕು, ಡಿಗ್ರಿ ಓದ್ತಿದ್ದ ಒಂದು ಹುಡುಗಿ ಅಂಗಡಿಗೆ ಬಂದು ಕಲೆ ಹೋಗೋ ಟ್ಯೂಬ್ ಕೊಡಿ ಅಣ್ಣ ಅಂದ್ಲು, ಚೀಟಿ ಇರ್ಲಿಲ್ಲ, ಎಲ್ಲರೂ ಕೊಡ್ತಿದ್ರು ನಾನೂ ಕೊಟ್ಟೆ. ಹದಿನೈದೇ ದಿನಕ್ಕೆ ಮುಖ ಬೆಳ್ಳಗೆ ಹೊಳೀತಾ ಬಂದು ಇನ್ನೆರಡು ತಗೊಂಡು ಹೋದ್ಲು, ಗೆಳತೀರನ್ನೂ ಕಳಿಸಿದ್ಲು, ನಂಗೂ ಹೆಮ್ಮೆನೇ ಆಯ್ತು. ನಾಲ್ಕು ತಿಂಗಳು ಕಳೆದು ಬಂದಾಗ ದುಪಟ್ಟಾದಲ್ಲಿ ಮುಖ ಸುತ್ಕೊಂಡಿದ್ಲು. ಟೊಮ್ಯಾಟೊ ಥರ ಕೆಂಪು, ಕೆನ್ನೆ ಮೇಲೆ ಸಣ್ಣ ಸಣ್ಣ ರಕ್ತನಾಳ ಎದ್ದು ಕಾಣ್ತಿತ್ತು, ಗದ್ದದ ಮೇಲೆ ಕೂದಲು, ಮುಖದ ತುಂಬ ಕಾಳು ಕಾಳು ಮೊಡವೆ. ಹಚ್ಚೋದು ನಿಲ್ಸಿದ್ರೆ ಬೆಂಕಿ ಥರ ಉರಿಯತ್ತೆ ಅಣ್ಣ, ಇನ್ನೊಂದು ಕೊಡಿ ಅಂದ್ಲು. ಆ ಟ್ಯೂಬಲ್ಲಿ ಇದ್ದಿದ್ದು ಸ್ಟಿರಾಯ್ಡ್. ಅವತ್ತು ಕೊಡ್ಲಿಲ್ಲ, ಹಾಸನಕ್ಕೆ ಸ್ಕಿನ್ ಡಾಕ್ಟ್ರ ಹತ್ರ ಹೋಗು ಅಂತ ಬಸ್ ಚಾರ್ಜ್ ಕೊಟ್ಟು ಕಳಿಸ್ದೆ, ಅದೇನು ದೊಡ್ಡ ಉಪಕಾರ ಅಲ್ಲ ಬಿಡು, ಹಾಳು ಮಾಡಿದ್ದೂ ನಾನೇ ತಾನೆ. 2018ರಲ್ಲಿ ಸರ್ಕಾರ ಇಂಥ ಸ್ಟಿರಾಯ್ಡ್ ಕ್ರೀಮುಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿ ಚೀಟಿ ಇಲ್ದೆ ಮಾರೋ ಹಾಗಿಲ್ಲ ಅಂತು. ಈಗ್ಲೂ ಕೇಳಿದ್ರೆ ಕೊಡೋರು ಇದಾರೆ. ನಿನ್ನ ರೂಮಲ್ಲಿರೋ ಎಲ್ಲ ಟ್ಯೂಬ್ ತಿರುಗಿಸಿ ಹಿಂದೆ ಸಣ್ಣ ಅಕ್ಷರ ಓದು. ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಈ ಮೂರರಲ್ಲಿ ಯಾವುದಾದ್ರೂ ಕಂಡ್ರೆ ನಂಗೆ ಫೋಟೋ ಕಳ್ಸು. ಬಹಳ ದಿನದಿಂದ ಹಚ್ತಿದ್ರೆ ಒಂದೇ ಸಲ ನಿಲ್ಸೋಕೆ ಹೋಗ್ಬೇಡ, ಡಾಕ್ಟ್ರನ್ನ ಕೇಳಿ ಇಳಿಸ್ಬೇಕು.

ಗುಳಿ ವಿಷಯ. ಗುಳಿಗೆ ಚಿಕಿತ್ಸೆ ಇದೆ, ನಾನೇ ಮಾಡಿಸ್ಕೊಂಡೆ, ನಲವತ್ತೈದು ದಾಟಿದ ಮೇಲೆ, ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕು ಅಂತ ನಿಮ್ಮತ್ತೆ ಕೇಳಿದ್ಲು, ನಂಗೇ ತೋರಿಸ್ಕೋಬೇಕು ಅಂದೆ. ಅಗಲ ಗುಳಿಗೆ ಸಬ್‌ಸಿಷನ್ ಅಂತ, ಮರಗಟ್ಟೋ ಇಂಜೆಕ್ಷನ್ ಕೊಟ್ಟು ಸೂಜಿನ ಚರ್ಮದ ಕೆಳಗೆ ತೂರಿಸಿ ಜಗ್ತಿರೋ ನಾರನ್ನ ಕತ್ತರಿಸ್ತಾರೆ. ನೋವೇನಿಲ್ಲ, ಆದ್ರೆ ಕಿವಿ ಪಕ್ಕದಲ್ಲೇ ಕರಕರ ಅಂತ ಸದ್ದು ಕೇಳಿಸತ್ತೆ, ಹಳೇ ಗೋಣಿಚೀಲ ಹರಿದ ಹಾಗೆ, ಅದು ಮಾತ್ರ ಈಗ ನೆನೆಸ್ಕೊಂಡ್ರೂ ಮೈ ಜುಮ್ ಅನ್ನತ್ತೆ. ವಾರ ಹತ್ತು ದಿನ ಕೆನ್ನೆ ನೇರಳೆ ಹಣ್ಣಿನ ಬಣ್ಣ. ಸಣ್ಣ ಆಳ ತೂತಿಗೆ ಬಲವಾದ ಟಿಸಿಎ ಆಸಿಡ್ಡಲ್ಲಿ ಕಡ್ಡಿ ತುದಿ ಅದ್ದಿ ಒಂದೊಂದೇ ತೂತಿಗೆ ಮುಟ್ಟಿಸ್ತಾರೆ, ಸೆಕೆಂಡಲ್ಲಿ ಅಲ್ಲಿ ಉಪ್ಪಿನ ಹರಳಿನ ಥರ ಬೆಳ್ಳಗೆ ಚುಕ್ಕೆ ಏಳತ್ತೆ, ಆಮೇಲೆ ಹಕ್ಕಳೆ ಕಟ್ಟತ್ತೆ, ಅದನ್ನ ಕೀಳ್ಬಾರ್ದು. ಇದನ್ನ ಆನ್‌ಲೈನಲ್ಲಿ ಬಾಟ್ಲಿ ತರಿಸಿ ರೂಮಲ್ಲಿ ಮಾಡ್ಕೊಳ್ಳೋರಿದಾರಂತೆ, ನೀನು ಹಾಗೇನಾದ್ರೂ ಮಾಡಿದ್ರೆ ನಾನು ಮಾತೇ ಆಡ್ಸಲ್ಲ. ಸೂಜಿ ರೋಲರ್ ಕೂಡ ಹಾಗೇ, ಡಾಕ್ಟ್ರು ಮಾಡೋ ಮೈಕ್ರೋನೀಡ್ಲಿಂಗ್ ಬೇರೆ, ಹಸಿ ಮೊಡವೆ ಮೇಲೆ ನೀನು ಅದನ್ನ ಉರುಳಿಸಿ ಕೀವು ಮುಖವೆಲ್ಲ ಹರಡೋದು ಬೇರೆ. ಲೇಸರ್ರೂ ಕೆಟ್ಟದ್ದಲ್ಲ, ಕೈ ಗೊತ್ತಿರೋರು ಮಾಡಿದ್ರೆ ಗುಳಿಗೆ ಒಳ್ಳೇದೇ, ಆದ್ರೆ ನಮ್ಮ ಚರ್ಮಕ್ಕೆ ಜಾಸ್ತಿ ಬಿಸಿ ಕೊಟ್ರೆ ಗುಳಿ ತುಂಬೋ ಮುಂಚೆ ಹೊಸ ಕಪ್ಪು ಕಲೆ ಬಂದು ಕೂರತ್ತೆ.

ನಂಗೆ ಮೂರು ಸಿಟ್ಟಿಂಗ್ ಆಯ್ತು, ಅರ್ಧದಷ್ಟು ಸಮ ಆಗಿದೆ. ಪೂರ್ತಿ ಹೋಗತ್ತೆ ಅಂತ ಡಾಕ್ಟ್ರೂ ಹೇಳಿರ್ಲಿಲ್ಲ. ನೂರಕ್ಕೆ ನೂರು ಗ್ಯಾರಂಟಿ ಅಂತ ಬೋರ್ಡ್ ಹಾಕಿರೋ ಕಡೆಯಿಂದ ಎದ್ದು ಬಾ. ಕುರ್ಚಿಲಿ ಕೂತಿರೋರ ಡಿಗ್ರಿ ನೋಡು, ಎಂಡಿ ಡಿವಿಎಲ್, ಡಿಡಿವಿಎಲ್ ಥರದ ಚರ್ಮರೋಗದ್ದೇ ಓದು ಇರ್ಬೇಕು, ಕೋಟು ಹಾಕಿದೋರೆಲ್ಲ ಸ್ಕಿನ್ ಡಾಕ್ಟ್ರಲ್ಲ. ದುಡ್ಡಿನ ಯೋಚನೆ ಇದ್ರೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆ ವಿಕ್ಟೋರಿಯಾ, ಬೌರಿಂಗ್ ಎರಡು ಕಡೆನೂ ಚರ್ಮದ ವಿಭಾಗ ಇದೆ, ಬೆಳಿಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸು. ಹೋದಾಗ ಒಂದು ಮಾತು ಮರೀಬೇಡ, ನಿಮ್ಮಮ್ಮನ ಕಿವಿ ಚುಚ್ಚಿಸಿದ ಜಾಗದಲ್ಲಿ ಕಡ್ಲೆಕಾಳಷ್ಟು ಗಂಟು ಇದೆಯಲ್ಲ, ಅದು ಕೀಲಾಯ್ಡ್, ಗಾಯ ಆರಿದ ಜಾಗ ಮಿತಿ ಮೀರಿ ಬೆಳೆಯೋದು, ಮನೆತನದಲ್ಲಿ ಬರೋದು. ನಿನ್ನ ಎದೆ ಮೇಲೆ ಭುಜದ ಮೇಲೆ ಮೊಡವೆ ಆರಿದ ಜಾಗ ಉಬ್ಬಿ ಗಟ್ಟಿ ಆಗಿದ್ರೆ ಅದನ್ನೂ ತೋರಿಸಿ ಹೇಳು. ಅಂಥ ಚರ್ಮಕ್ಕೆ ಸುಮ್ಮನೆ ಸೂಜಿ ಲೇಸರ್ ಅಂತ ಕೈ ಹಾಕಿದ್ರೆ ಗುಳಿ ಹೋಗಿ ಗುಡ್ಡ ಆಗತ್ತೆ, ಅದಕ್ಕೆ ಒಳಗೇ ಇಂಜೆಕ್ಷನ್ ಕೊಡೋ ದಾರಿ ಬೇರೆ ಇದೆ.

ಈಗ ಮದುವೆ ಲೆಕ್ಕ ಹಾಕೋಣ. ಹೊಸ ಕೊಲಾಜನ್ ಕೂಡಕ್ಕೆ ಮೂರರಿಂದ ಆರು ತಿಂಗಳು ಬೇಕು, ನಿನ್ನ ಹತ್ರ ಇರೋದು ಹತ್ತು ವಾರ, ಅದರಲ್ಲಿ ಒಂದೆರಡು ಸಲ ಮುಖ ಸುಟ್ಟುಕೊಂಡು ಕಪ್ಪಾಗಿ ನಿಂತ್ರೆ ಧಾರೆ ಹೊತ್ತಿಗೆ ಈಗಿರೋದಕ್ಕಿಂತ ಕೆಟ್ಟದಾಗಿ ಕಾಣ್ತೀಯ. ಮದುವೆಗೆ ಮುಂಚೆ ಮೊಡವೆ ನಿಲ್ಸೋದು, ಬಿಸಿಲು ತಡೆಯೋದು, ಕೈ ಮುಖಕ್ಕೆ ಹೋಗದ ಹಾಗೆ ನೋಡ್ಕೊಳ್ಳೋದು, ಇಷ್ಟೇ. ಜಿಮ್ಮಲ್ಲಿ ಕುಡಿಯೋ ಆ ವೇ ಪ್ರೋಟೀನ್ ಪೌಡರ್ರೂ ಎರಡು ತಿಂಗಳು ಬಿಟ್ಟು ನೋಡು, ಕೆಲವರಿಗೆ ಅದರಿಂದ್ಲೂ ಮೊಡವೆ ಏಳತ್ತೆ, ಅದರ ಬದ್ಲು ಮೊಟ್ಟೆ ತಿನ್ನು, ಹುರಳಿಕಾಳು ತಿನ್ನು. ಗುಳಿ ಕೆಲಸ ಮದುವೆ ಕಳೆದು ಶುರು ಮಾಡೋಣ, ಮೊದಲ ಸಿಟ್ಟಿಂಗಿಗೆ ನಾನೇ ಜೊತೆಗೆ ಬರ್ತೀನಿ, ದುಡ್ಡೂ ನಾನೇ ಕೊಡ್ತೀನಿ, ಇಎಂಐ ಗಿಎಂಐ ಬೇಡ.

ಬರೋ ಭಾನುವಾರ ಯಶವಂತಪುರದಲ್ಲಿ ಬೆಳಗಿನ ಟ್ರೈನ್ ಹತ್ತು. ಟ್ಯೂಬು ಸೀರಮ್ಮು ಎಲ್ಲ ಒಂದು ಕವರಿಗೆ ತುಂಬ್ಕೊಂಡು ಬಾ, ನಿಮ್ಮತ್ತೆ ಅಕ್ಕಿರೊಟ್ಟಿ ಮಾಡ್ತಾಳೆ, ತಿಂದು ಜಗಲಿ ಮೇಲೆ ಬಿಸಿಲು ಬರೋ ಕಡೆ ಕೂತು ಒಂದೊಂದೇ ನೋಡೋಣ. ಮತ್ತೆ ಆ ಗಡ್ಡ ತೆಗೆಸ್ಕೊಂಡು ಬಾರೋ, ಅದರ ಹಿಂದೆ ಏನಿದೆ ಅಂತ ನಂಗೂ ಕಾಣ್ಬೇಕಲ್ಲ.

ನಿನ್ನ ಮಾವ