ಊಟಕ್ಕೆ ಕುಳಿತವರ ಹಾಡು

ಪ್ರೀತಿಯ ಮಗಳೇ,

ಅಪ್ಪನ ಕೃತಜ್ಞತಾ ಆರಾಧನೆಯಲ್ಲಿ ‘ನೂನ್ ಡಾಂಕೆಟ್’ (ಜರ್ಮನ್‌ನಲ್ಲಿ ‘ಈಗ ವಂದನೆ ಸಲ್ಲಿಸಿರಿ’) ಗೀತೆಗೆ ಎಲ್ಲರೂ ಎದ್ದು ನಿಂತಾಗ ನೀನು ಬಾಯಿ ತೆರೆಯಲಿಲ್ಲ. ಮನೆಗೆ ಬಂದ ಮೇಲೆ, “ಅಪ್ಪನನ್ನು ಮಣ್ಣು ಮಾಡಿ ವಾರವೂ ಆಗಿಲ್ಲ, ದೇವರಿಗೆ ವಂದನೆ ಅಂತ ಹೇಗಮ್ಮಾ ಹಾಡಿದೆ?” ಅಂತ ಕೇಳಿದೆ. ಆಗ ನನಗೆ ಮಾತು ಹೊರಡಲಿಲ್ಲ. ಈಗ ಬರೆಯುತ್ತಿದ್ದೇನೆ.

1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಾಗಲೇ ಈ ಗೀತೆಗೆ ಸುಮಾರು ಇನ್ನೂರು ವರ್ಷ ವಯಸ್ಸು. ಬರೆದವರು ಮಾರ್ಟಿನ್ ರಿಂಕಾರ್ಟ್, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಐಲೆನ್‌ಬುರ್ಗ್ ಊರಿನ ಸಭಾಪಾಲಕರು. ಅವರ ಕಾಲದಲ್ಲಿ ಅಲ್ಲಿ ‘ಮೂವತ್ತು ವರ್ಷಗಳ ಯುದ್ಧ’ ನಡೆಯುತ್ತಿತ್ತು. ಕೋಟೆಯಿರುವ ಊರೆಂದು ಸುತ್ತಲಿನವರೆಲ್ಲ ಅಲ್ಲಿಗೆ ಓಡಿಬಂದರು. ಹಿಂದೆಯೇ ಪ್ಲೇಗ್ ಬಂತು. 1637ರಲ್ಲಿ ಊರಿಗೆ ಉಳಿದ ಪಾಲಕರು ಇವರೊಬ್ಬರೇ. ಕೆಲವು ದಿನ ನಲವತ್ತು ಐವತ್ತು ಶವಸಂಸ್ಕಾರ ಮಾಡಿದರಂತೆ. ಒಟ್ಟು ನಾಲ್ಕು ಸಾವಿರಕ್ಕೂ ಮಿಕ್ಕಿ. ಆ ಮೇ ತಿಂಗಳಲ್ಲಿ ಅವರ ಪತ್ನಿಯೂ ತೀರಿಕೊಂಡರು. ಆಮೇಲೆ ಬರಗಾಲ, ಮನೆಯಲ್ಲಿದ್ದುದನ್ನೂ ಹಂಚಿಬಿಟ್ಟರು.

ಇಂಥವರ ಹಾಡಿಗೆ ಹಳೆಯ ಪುಸ್ತಕದಲ್ಲಿರುವ ತಲೆಬರಹ ಏನು ಗೊತ್ತಾ? ‘ಊಟದ ಮೇಜಿನ ಚಿಕ್ಕ ಪ್ರಾರ್ಥನೆ’. ಮಾತುಗಳ ಮೂಲ ಸಿರಾಕನ ಗ್ರಂಥ ಎನ್ನುವ ಹಳೆಯ ಯೆಹೂದಿ ಜ್ಞಾನಗ್ರಂಥದ 50ನೇ ಅಧ್ಯಾಯ. (ನಮ್ಮ ಪ್ರೊಟೆಸ್ಟಂಟರ ಬೈಬಲಿನಲ್ಲಿ ಆ ಗ್ರಂಥ ಇಲ್ಲ, ಆದರೆ ಓದುವುದು ಒಳ್ಳೆಯದು ಎಂದವರು ಸಭಾಸುಧಾರಕ ಮಾರ್ಟಿನ್ ಲೂಥರ್.)

ಹೃದಯ, ಬಾಯಿ, ಕೈಗಳಿಂದ ದೇವರಿಗೆ ವಂದನೆ ಅನ್ನುತ್ತದೆ ಮೊದಲ ಸಾಲು. ಕೈಗಳಿಂದ! ಆ ವರ್ಷ ರಿಂಕಾರ್ಟರ ಕೈ ಮಾಡಿದ ಕೆಲಸ ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ತಾಯಿಯ ಗರ್ಭದಿಂದಲೇ ನಮಗೆ ಒಳಿತು ಮಾಡಿದವನು ಅನ್ನುವ ಸಾಲಿಗೆ ಬಂದಾಗಲೆಲ್ಲ ನೀನೇ ಕಣ್ಮುಂದೆ ಬರುತ್ತೀ. ಗಂಜಿ ಬಟ್ಟಲ ಮುಂದೆ ಅಪ್ಪ ಕಣ್ಣುಮುಚ್ಚಿ, ನಿನ್ನ ಪುಟ್ಟ ಕೈಯನ್ನು ತನ್ನ ಅಂಗೈಯೊಳಗೆ ಸೇರಿಸಿಕೊಳ್ಳುತ್ತಿದ್ದರು. ನೀನು ಇನ್ನೊಂದು ಕೈಯ ಬೆರಳಿಗೆ ಅಂಟಿದ ಉಪ್ಪಿನಕಾಯಿ ರಸವನ್ನು ‘ಆಮೆನ್’ಗೆ ಮೊದಲೇ ನೆಕ್ಕುತ್ತಿದ್ದೆ.

ಎರಡನೆಯ ಚರಣ ಬರೀ ಬೇಡಿಕೆ. ಸಂತೋಷದ ಹೃದಯ ಕೊಡು, ಸಮಾಧಾನ ಕೊಡು. ಇದ್ದವರು ಹಾಗೆ ಬೇಡುವುದಿಲ್ಲ ಮಗಳೇ. ಯುದ್ಧ ಮುಗಿದದ್ದು 1648ರಲ್ಲಿ. ಮರುವರ್ಷವೇ ರಿಂಕಾರ್ಟ್ ತೀರಿಕೊಂಡರು.

ಅಂದು ನಾನು ಹಾಡಿದ್ದು ಬಾಯಿಂದ. ಹೃದಯ ಇನ್ನೂ ಅಲ್ಲಿಗೆ ಬಂದಿರಲಿಲ್ಲ, ಇವತ್ತಿಗೂ ಪೂರ್ತಿ ಬಂದಿಲ್ಲ. ಅದನ್ನೇ ಆ ಚರಣದಲ್ಲಿ ಬೇಡಿದೆ.

ಶನಿವಾರ ಬರುತ್ತೀಯಲ್ಲ, ಗಂಜಿ, ಒಣಮೀನಿನ ಚಟ್ನಿ ಮಾಡಿರುತ್ತೇನೆ. ಪ್ರಾರ್ಥನೆ ನಾನೇ ಮಾಡುತ್ತೇನೆ. ನಿನ್ನ ಕೈ ಕೊಡು, ಸಾಕು.

ನಿನ್ನ
ಅಮ್ಮ