ಮಲೇರಿಯಾ ಪತ್ತೆಗೆ ಕಿಟ್ ಹಂಚಿದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಕಾಡು, ಗಣಿಗಳಲ್ಲಿ ದುಡಿಯುವವರು ಮತ್ತು ವಲಸೆ ಕಾರ್ಮಿಕರ ನಡುವಿನಿಂದಲೇ ಪರೀಕ್ಷೆ ಮಾಡಿ ಔಷಧಿ ಕೊಡುವ ಸ್ವಯಂಸೇವಕರನ್ನು ಆರಿಸಿ ನಡೆಸುವ ಮಲೇರಿಯಾ ಅಧ್ಯಯನಗಳು ಎಡವುವುದು ಸಣ್ಣ ವಿವರಗಳಲ್ಲಿ. ಪರೀಕ್ಷೆಗೆ ಹಾಕುವ ರಕ್ತ ಹೆಚ್ಚಾದರೆ ಕಿಟ್‌ನ ಪಟ್ಟಿಯೆಲ್ಲ ಕೆಂಪಾಗಿ ಫಲಿತಾಂಶದ ಗೆರೆ ಕಾಣದು. ಹೇಳಿದ ಸಮಯಕ್ಕೇ, ಸಾಮಾನ್ಯವಾಗಿ 15–20 ನಿಮಿಷಕ್ಕೆ, ಓದಬೇಕು. ತಡವಾದರೆ ಇಲ್ಲದ ಗೆರೆ ಮೂಡಬಹುದು. ಫಾಲ್ಸಿಪೇರಂ ಎಂಬ ಅಪಾಯಕಾರಿ ಬಗೆಯ ಮಲೇರಿಯಾವನ್ನು ರೋಗಾಣುವಿನ ಎಚ್‌ಆರ್‌ಪಿ2 ಎಂಬ ಪ್ರೋಟೀನಿನಿಂದ ಪತ್ತೆಹಚ್ಚುವ ಕಿಟ್, ಗುಣವಾದ ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸುವುದುಂಟು. ಹಾಗಾಗಿ ಮರುತಪಾಸಣೆಗೆ ರಕ್ತಲೇಪನವನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು.

ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾದ್ದು ಇನ್ನೂ ಕಷ್ಟ. ರೋಗಾಣು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರ ಮತ್ತೆ ಜ್ವರ ತರುತ್ತದೆ. ಅದಕ್ಕೆ ಕೊಡುವ ಪ್ರಿಮಾಕ್ವಿನ್ ಮಾತ್ರೆಯನ್ನು 14 ದಿನದ ಕ್ರಮದಲ್ಲಿ ಜ್ವರ ಇಳಿದೊಡನೆ ಬಿಟ್ಟುಬಿಡುವವರು ಬಹಳ. ದಿನವೂ ಎದುರಿಗೇ ನುಂಗಿಸುವುದು ಸ್ವಯಂಸೇವಕರ ಮುಖ್ಯ ಕೆಲಸವಾಗಬೇಕು. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದ್ದರೆ ಈ ಮಾತ್ರೆಯಿಂದ ಆ ಕಣಗಳು ಒಡೆಯುತ್ತವೆ. ಆ ಕೊರತೆಯ ಪರೀಕ್ಷೆ ಮೊದಲೇ ಆಗಲಿ. ಗರ್ಭಿಣಿಯರಿಗೆ ಈ ಮಾತ್ರೆ ಕೊಡಲೇಬಾರದು. ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಕಳಿಸಬೇಕು.

ಇನ್ನೊಂದು ಮಾತು: ಮೇಸ್ತ್ರಿಯ ಒಪ್ಪಿಗೆಯನ್ನೇ ಕಾರ್ಮಿಕರ ಒಪ್ಪಿಗೆ ಎಂದು ಬರೆದುಕೊಳ್ಳುವುದು ಅನ್ಯಾಯ. ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ, ಅವರದೇ ಭಾಷೆಯಲ್ಲಿ ಕೇಳಿ. ಅಧ್ಯಯನಕ್ಕೆ ಒಲ್ಲೆ ಎಂದವರಿಗೂ ಪರೀಕ್ಷೆ, ಔಷಧಿ ತಪ್ಪಬಾರದು.

– ಮಲೇರಿಯಾ ಕ್ಷೇತ್ರಕಾರ್ಯದಲ್ಲಿರುವ ಓದುಗರು